ಅವ್ವನಿಗೆ ಜಾಗವಿಲ್ಲದ ಸೀಟು

ಇಲ್ಲಿ ಬರೆಯದೆ ಮೂರು ತಿಂಗಳಾಯ್ತು. ಕೆಲಸ, ರಿಲೀಸು, ಡೆಡ್‌ಲೈನು ಅನ್ನೋ ಮಾಮೂಲಿ ನೆಪಗಳು ನನ್ನ ಹತ್ರಾನೂ ಇವೆ. ಆದರೆ ನಿಜವಾದ ಕಾರಣ ಬೇರೆ. ನನ್ನ ಶನಿವಾರ, ಭಾನುವಾರಗಳನ್ನೆಲ್ಲ ಒಂದು ಹಳೇ ಮೋಟರ್‌ಸೈಕಲ್ಲು ತಿಂದು ಹಾಕಿತು. ಗಾಡಿ ಅಂದ ತಕ್ಷಣ ಇಂಜಿನ್ನು, ಬಣ್ಣ, ಸೈಲೆನ್ಸರ್ ಸದ್ದು ಅಂತ ಬರೀತಾನೆ ಅಂದ್ಕೊಂಡಿರ್ತೀರಿ. ನಾನು ಬರೀತಿರೋದು ಸೀಟಿನ ಬಗ್ಗೆ. ಹೌದು, ಕೂರೋ ಸೀಟು. ನಗಬೇಡಿ :)

ಅಪ್ಪನ ಯೆಜ್ಡಿ ರೋಡ್‌ಕಿಂಗ್ ನಮ್ಮೂರು ಯಾಪಲದಿನ್ನಿಯ ಕೊಟ್ಟಿಗೆಯಲ್ಲಿ ಹತ್ತು ವರ್ಷದಿಂದ ನಿಂತೇ ಇತ್ತು. 1989ರಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ರಾಯಚೂರಿನ ಹತ್ತಿ ಮಾರ್ಕೆಟ್ಟಿಗೆ, ಬೀಜ ಗೊಬ್ಬರಕ್ಕೆ, ಮದುವೆ ಮುಂಜಿಗೆ, ಆಸ್ಪತ್ರೆಗೆ ಎಲ್ಲದಕ್ಕೂ ಅದೇ. ಅಪ್ಪ ಮುಂದೆ, ಅವ್ವ ಹಿಂದೆ ಒಂದೇ ಕಡೆ ಕಾಲು ಹಾಕಿ, ನಡುವೆ ಅಕ್ಕ, ಟ್ಯಾಂಕಿನ ಮೇಲೆ ನಾನು. ಕಾನೂನಿನ ಲೆಕ್ಕ ಕೇಳಬೇಡಿ.

ಅದನ್ನ ಲಾರಿಗೆ ಹಾಕಿ ಬೆಂಗಳೂರಿಗೆ ತರಿಸಿ ರಿಪೇರಿ ಮಾಡಿಸಿದೆ. ಇಂಜಿನ್ನಿಗೆ ಒಬ್ಬ, ಬಣ್ಣಕ್ಕೆ ಒಬ್ಬ, ಕ್ರೋಮ್‌ಗೆ ಇನ್ನೊಬ್ಬ ಅಂತ ಹುಡುಕಿ ಅಲೆದೆ. ಕೊನೆಗೆ ಉಳಿದಿದ್ದು ಸೀಟು. ಅಷ್ಟೊತ್ತಿಗೆ ದುಡ್ಡೂ ಮುಗಿದಿತ್ತು, ತಾಳ್ಮೆನೂ ಮುಗಿದಿತ್ತು. ಒಂದು ಅಂಗಡಿಯಲ್ಲಿ ಫೋಟೋ ತೋರಿಸಿದೆ: ಕಂದು ಬಣ್ಣ, ವಜ್ರದಾಕಾರದ ಹೊಲಿಗೆ, ಹಿಂದಕ್ಕೆ ಮೊಟಕಾಗಿ ಮುಗಿಯೋ ಕೆಫೆ ರೇಸರ್ ಸೀಟು. ಎರಡು ದಿನದಲ್ಲಿ ಮಾಡಿಕೊಟ್ಟರು. ಫೋಟೋದಲ್ಲಿ ಭಾರೀ ಚಂದ ಬಂತು. ಯುಗಾದಿಗೆ ಗಾಡಿಯನ್ನ ಊರಿಗೆ ಕಳಿಸಿ, ಹಿಂದೆಯೇ ನಾನೂ ಹೋದೆ.

ಅಪ್ಪ ಒಂದು ಸುತ್ತು ಹೊಡೆದು ಬಂದು ಇಳಿದರು. "ಗಾಡಿ ಅದೇ ಐತಿ. ಕುಂತ್ರ ಬ್ಯಾರೆಯವರ ಗಾಡಿ ಅನಸ್ತೈತಿ" ಅಂದ್ರು. ಅವ್ವ ಸುತ್ತಲೂ ತಿರುಗಿ ನೋಡಿ ಕೇಳಿದ್ದು ಒಂದೇ ಪ್ರಶ್ನೆ.

"ಚಂದ ಐತಪಾ. ಆದ್ರ ನಾ ಎಲ್ಲಿ ಕುಂದರ್ಲಿ?"

ಉತ್ತರ ನನ್ನ ಹತ್ರ ಇರಲಿಲ್ಲ. ಎಷ್ಟೋ ವರ್ಷ ಆ ಗಾಡಿ ಮೇಲೆ ಓಡಾಡಿದ ಹೆಂಗಸಿನ ಜಾಗವನ್ನ ನಾನು ಒಂದು ಫೋಟೋ ನೋಡಿ ಕತ್ತರಿಸಿ ಹಾಕಿದ್ದೆ. ಅದನ್ನ ರಿಸ್ಟೋರೇಷನ್ ಅಂತ ಬೇರೆ ಕರೀತಿದ್ದೆ!

ಇಲ್ಲಿಂದ ಶುರುವಾಯ್ತು ಸೀಟಿನ ಹುಚ್ಚು. ಅದರಿಂದ ನಾನು ತಲುಪಿದ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಹಳೇ ಗಾಡಿಯ ಸೀಟಿನಲ್ಲಿ 'ಒರಿಜಿನಲ್' ಅಂದರೆ ಫೋಮೂ ಅಲ್ಲ, ಹೊದಿಕೆಯೂ ಅಲ್ಲ, ಅದರ ಅಳತೆ. ಫೋಮ್, ಹೊದಿಕೆ ಎರಡೂ ಸಾಯೋಕೇ ಹುಟ್ಟಿದವು. ಅವನ್ನ ಧಾರಾಳವಾಗಿ ಬದಲಿಸಿ. ಉದ್ದ, ಅಗಲ, ಎತ್ತರ, ಗಡಸುತನ ಇವನ್ನ ಮಾತ್ರ ಮುಟ್ಟಬೇಡಿ. ನಾವು ಮಾಡ್ತಿರೋದು ಸರಿಯಾಗಿ ಇದರ ಉಲ್ಟಾ.

ಮೊದಲು ಗಾಡಿಯ ಹಿನ್ನೆಲೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜೆಕ್ ಕಂಪನಿಯ ಪರವಾನಗಿಯಲ್ಲಿ ಜಾವಾ ಗಾಡಿಗಳು ತಯಾರಾದವು. 1973ರ ಸುಮಾರಿಗೆ ಯೆಜ್ಡಿ ಅನ್ನೋ ಹೆಸರು ಬಂತು. 1978ರಲ್ಲಿ ರೋಡ್‌ಕಿಂಗ್. 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಜಾವಾ ಹೆಸರು 2018ರಲ್ಲಿ, ಯೆಜ್ಡಿ ಹೆಸರು 2022ರಲ್ಲಿ ಹೊಸ ಗಾಡಿಗಳ ಮೇಲೆ ವಾಪಸ್ ಬಂದವು. ಕಿಕ್ ಹೊಡೆಯೋ ಲಿವರೇ ಗೇರ್ ಲಿವರ್ ಆಗೋ ಆ ಗಾಡಿಯ ತಮಾಷೆ ಓಡಿಸಿದವರಿಗೆ ಗೊತ್ತು. ಅದರ ಅಭಿಮಾನಿಗಳು ಕಾರ್ಬುರೇಟರ್ ಬಗ್ಗೆ ಇಡೀ ರಾತ್ರಿ ಮಾತಾಡ್ತಾರೆ. ಸೀಟಿನ ಬಗ್ಗೆ ಕೇಳಿದರೆ "ಯಾವ್ದಾದ್ರೂ ಕುಷನ್ ಅಂಗಡೀಲಿ ಹಾಕ್ಸು" ಅಂತಾರೆ. ಅಷ್ಟೇ.

ನನ್ನ ಪುಣ್ಯ, ಅಪ್ಪ ಹಳೇ ಸೀಟನ್ನ ಎಸೆದಿರಲಿಲ್ಲ. ಬೆಂಗಳೂರಿಗೆ ಗಾಡಿ ಕಳಿಸುವಾಗ ಬಿಚ್ಚಿ ಅಟ್ಟದ ಮೇಲೆ ಇಟ್ಟಿದ್ದರು. ಅದನ್ನ ಇಳಿಸಿ ರಾಯಚೂರಿನ ಒಂದು ಕುಷನ್ ಅಂಗಡಿಗೆ ತಗೊಂಡು ಹೋದೆ. ಅಂಗಡಿಯವರು ಅರವತ್ತು ದಾಟಿದವರು, ಅವರ ಅಜ್ಜ ಹತ್ತಿ ಬಡಿಯೋ ಪಿಂಜಾರ ಕೆಲಸ ಮಾಡ್ತಿದ್ದರಂತೆ. ಇಬ್ಬರೂ ಕೂತು ಸೀಟು ಬಿಚ್ಚಿದ್ವಿ.

ಮಸ್ಕಿಯಲ್ಲಿ 1954ರಲ್ಲಿ ಉತ್ಖನನ ಮಾಡಿದಾಗ ಪದರದ ಕೆಳಗೆ ಪದರ ಸಿಕ್ಕಿತು ಅಂತ ಓದಿದ್ದೆ. ನಮ್ಮ ಸೀಟೂ ಹಂಗೇ ಇತ್ತು! ಮೇಲೆ ನೀಲಿ ರೆಗ್ಜಿನ್, ಅದು ನನಗೆ ನೆನಪಿರೋದು. ಅದರ ಕೆಳಗೆ ಮೆರೂನ್, ಅದು ಅಕ್ಕನಿಗೆ ನೆನಪಿರೋದು. ಅದರ ಕೆಳಗೆ ಕಪ್ಪು, ಮುಟ್ಟಿದರೆ ಹಪ್ಪಳದ ಹಾಗೆ ಮುರೀತಿತ್ತು. ನಡುವೆ ಎಲ್ಲೋ ಗೋಣಿಚೀಲದ ತುಂಡು, ಸ್ಪಂಜಿನ ಚೂರುಗಳು. ಎಲ್ಲಕ್ಕಿಂತ ಕೆಳಗೆ ಕಂದು ಬಣ್ಣದ ನಾರಿನ ಮೆತ್ತೆ, ಆಮೇಲೆ ತುಕ್ಕು ಹಿಡಿದ ತಗಡು.

ಆ ನಾರಿನ ಮೆತ್ತೆ ರಬ್ಬರೀಕೃತ ತೆಂಗಿನ ನಾರು. ಸುರುಳಿ ಮಾಡಿದ ತೆಂಗಿನ ನಾರಿಗೆ ರಬ್ಬರ್ ಹಾಲು ಸಿಂಪಡಿಸಿ, ಅಚ್ಚಿನಲ್ಲಿ ಒತ್ತಿ, ಬಿಸಿ ಮಾಡಿ ಗಟ್ಟಿ ಮಾಡ್ತಾರೆ. ನಮ್ಮ ನಾಡಿಗೆ ಇದು ಹೊಸದಲ್ಲ. 1962ರಲ್ಲಿ ಮಣಿಪಾಲದಲ್ಲಿ ಶುರುವಾಗಿ ಆಮೇಲೆ ಕರ್ಲಾನ್ ಅಂತ ಹೆಸರಾದ ಕಂಪನಿ ಈ ನಾರಿನ ಹಾಸಿಗೆಯಿಂದಲೇ ಬೆಳೆದದ್ದು. ನಾರಿನ ಮೆತ್ತೆಯಲ್ಲಿ ಗಾಳಿ ಆಡುತ್ತೆ, ಸೆಕೆಯಾಗಲ್ಲ. ಆದರೆ ರಬ್ಬರ್ ಒಣಗಿದ ಮೇಲೆ ನಾರು ಬಿಡಿಬಿಡಿಯಾಗಿ ಪುಡಿಯಾಗುತ್ತೆ.

ಅಂಗಡಿಯವರು ಆ ಪುಡಿಯನ್ನ ಕೈಯಲ್ಲಿ ತಿಕ್ಕುತ್ತಾ ಒಂದು ಮಾತು ಹೇಳಿದರು. "ಸಾಹೇಬ್ರ, ಹತ್ತಿ ಗಾದಿ ಕುಂತ್ರ ಬಡದು ಎಬ್ಬಸಬೌದು. ಫೋಮ್ ಕುಂತ್ರ ಕುಂತಂಗ."

ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದವನಿಗೆ ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಹತ್ತಿ ಚಪ್ಪಟೆಯಾದರೆ ಬಿಚ್ಚಿ, ಬಡಿದು, ಮತ್ತೆ ತುಂಬಬಹುದು. ನಮ್ಮ ಕಡೆ ಮನೆಮನೆಗಳಲ್ಲಿ ಹಂಗೇ ಮಾಡ್ತಿದ್ದರು. ಫೋಮ್ ಹಂಗಲ್ಲ. ಅದು ಗಾಳಿಗುಳ್ಳೆಗಳ ಜಾಲ. ಬಿಸಿ, ತೇವ, ಭಾರ ಮೂರೂ ಸೇರಿ ವರ್ಷಾನುಗಟ್ಟಲೆ ಒತ್ತಿದರೆ ಆ ಜಾಲ ಸೋತು ತನ್ನ ಎತ್ತರಕ್ಕೆ ವಾಪಸ್ ಬರಲ್ಲ. ಇದರ ಜೊತೆಗೆ ರಸಾಯನದ ಸಾವು ಬೇರೆ. ಪಾಲಿಯುರೆಥೇನ್ ಫೋಮಿನಲ್ಲಿ ಎರಡು ಜಾತಿ. ಈಥರ್ ಜಾತಿಯದನ್ನ ಬೆಳಕು ಮತ್ತು ಆಮ್ಲಜನಕ ತಿನ್ನುತ್ತೆ, ಎಸ್ಟರ್ ಜಾತಿಯದನ್ನ ತೇವ ತಿನ್ನುತ್ತೆ. ಹಳದಿಯಾಗಿ, ಅಂಟಾಗಿ ಅಥವಾ ಪುಡಿಯಾಗಿ ಹೋಗುತ್ತೆ. ಮ್ಯೂಸಿಯಂಗಳಲ್ಲಿ ಹಳೇ ಪ್ಲಾಸ್ಟಿಕ್ ವಸ್ತುಗಳನ್ನ ಕಾಪಾಡೋರಿಗೆ ಅತಿ ಹೆಚ್ಚು ತಲೆನೋವು ಕೊಡೋ ವಸ್ತುಗಳಲ್ಲಿ ಫೋಮೂ ಒಂದು. ಹವಾನಿಯಂತ್ರಿತ ಕೋಣೆಯಲ್ಲೇ ಉಳಿಯದ್ದು ರಾಯಚೂರಿನ ಬಿಸಿಲಲ್ಲಿ ಉಳಿಯುತ್ತಾ?

ಅಂದಹಾಗೆ ನಮ್ಮ ಜನ ಫೋಮಿಗೆಲ್ಲ 'ಡನ್‌ಲಪ್' ಅಂತಾರಲ್ಲ, ಅದಕ್ಕೂ ಕಾರಣ ಇದೆ. 1929ರಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯಲ್ಲಿ ರಬ್ಬರ್ ಹಾಲನ್ನ ನೊರೆ ಬರೋ ಹಾಗೆ ಕಡೆದು, ಅಚ್ಚಿಗೆ ಸುರಿದು ಮೊದಲ ಲೇಟೆಕ್ಸ್ ಫೋಮ್ ಮಾಡಿದರು. ಪಾಲಿಯುರೆಥೇನಿನ ರಸಾಯನ ಬಂದಿದ್ದು 1937ರಲ್ಲಿ, ಜರ್ಮನಿಯ ಒಟ್ಟೋ ಬಾಯರ್ ಮತ್ತು ಜೊತೆಗಾರರಿಂದ. ಅದರ ಮೆತ್ತನೆ ಫೋಮ್ 1950ರ ದಶಕದಲ್ಲಿ ಮಾರುಕಟ್ಟೆಗೆ ಬಂದು ಲೇಟೆಕ್ಸನ್ನ ಹಿಂದೆ ಹಾಕಿತು. ಕಂಪನಿ ಬದಲಾಯ್ತು, ವಸ್ತು ಬದಲಾಯ್ತು, ನಮ್ಮ ಬಾಯಲ್ಲಿ ಹೆಸರು ಮಾತ್ರ ಉಳೀತು.

ಈಗ ಬೆಂಗಳೂರಿನಲ್ಲಿ ನಾನು ಮಾಡಿದ ಮೊದಲ ತಪ್ಪಿಗೆ ಬರ್ತೀನಿ. ಅಂಗಡಿಯಲ್ಲಿ ಫೋಮನ್ನ ಹೆಬ್ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಿದೆ ಅಂತ ಖುಷಿಯಾಗಿದ್ದೆ. ನಾವೆಲ್ಲ ಹಂಗೇ ನೋಡೋದು. ಆದರೆ ಹೆಬ್ಬೆರಳಿಗೆ ಎಪ್ಪತ್ತು ಕಿಲೋ ಭಾರ ಇಲ್ಲ. ಕೂತಾಗ ನಮ್ಮ ಭಾರದ ಬಹುಪಾಲು ಕುಂಡಿಯ ಎರಡು ಎಲುಬುಗಳ ಮೇಲೆ ಬೀಳುತ್ತೆ. ಮೆತ್ತನೆ ಫೋಮು ಹತ್ತು ನಿಮಿಷದಲ್ಲಿ ಪೂರ್ತಿ ಕುಗ್ಗಿ, ಆಮೇಲೆ ನೀವು ಕೂತಿರೋದು ತಗಡಿನ ಮೇಲೆ. ಟೂ ಸ್ಟ್ರೋಕ್ ಇಂಜಿನ್ನಿನ ನಡುಕ ಎಲ್ಲ ನೇರ ಬೆನ್ನಿಗೆ. ಸೋಫಾಗೆ ಒಳ್ಳೇ ಫೋಮ್ ಗಾಡಿಗೆ ಒಳ್ಳೇದಲ್ಲ.

ಇನ್ನೊಂದು ಗೊಂದಲ ಡೆನ್ಸಿಟಿ. ಅಂಗಡಿಯವರು "32, 40" ಅಂತಾರಲ್ಲ, ಅದು ಒಂದು ಘನ ಮೀಟರ್ ಫೋಮಿನ ತೂಕ, ಕಿಲೋಗಳಲ್ಲಿ. ಅದು ಗಡಸುತನ ಅಲ್ಲ, ಬಾಳಿಕೆಯ ಸೂಚನೆ. ಒಂದೇ ಡೆನ್ಸಿಟಿಯಲ್ಲಿ ಮೆತ್ತಗಿರೋದೂ ಇರುತ್ತೆ, ಗಟ್ಟಿ ಇರೋದೂ ಇರುತ್ತೆ. 40 ಡೆನ್ಸಿಟಿ ಅಂತ ಹೇಳಿ ಬೇರೆ ಏನೋ ಕೊಟ್ಟರೆ ಕಂಡುಹಿಡಿಯೋದು ಸುಲಭ. ಹತ್ತು ಸೆಂಟಿಮೀಟರ್ ಉದ್ದ, ಅಗಲ, ಎತ್ತರದ ತುಂಡು ಕತ್ತರಿಸಿ ಅಡಿಗೆಮನೆ ತಕ್ಕಡಿಯಲ್ಲಿ ಇಡಿ. ಎಷ್ಟು ಗ್ರಾಂ ಬರುತ್ತೋ ಅದೇ ಡೆನ್ಸಿಟಿ. 40 ಡೆನ್ಸಿಟಿ ಅಂದರೆ 40 ಗ್ರಾಂ. ನನ್ನ ಕಂದು ಸೀಟಿನ ಫೋಮ್ ತೂಗಿದೆ. 22 ಗ್ರಾಂ! ಅಂಗಡಿಯವರನ್ನ ಬೈಯಲ್ಲ, ನಾನು ಕೇಳಿದ್ದು ಬಣ್ಣದ ಬಗ್ಗೆ ಮಾತ್ರ. ಫೋಮ್ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ.

ಈ ತೂಕದ ಪರೀಕ್ಷೆ ಒಂದು ಕಡೆ ಮೋಸ ಮಾಡುತ್ತೆ. ಫೋಮಿನ ಚೂರುಗಳನ್ನ ಅಂಟು ಹಾಕಿ ಒತ್ತಿ ಮಾಡೋ ರೀಬಾಂಡೆಡ್ ಫೋಮ್ 80, 100 ಡೆನ್ಸಿಟಿಯೂ ತೂಗುತ್ತೆ. ಮೈ ತುಂಬಾ ಬಣ್ಣಬಣ್ಣದ ಚೂರುಗಳು ಕಾಣೋದು ಅದೇ. ಅದನ್ನೇ ಪೂರ್ತಿ ಹಾಕಿದರೆ ಕಲ್ಲಿನ ಮೇಲೆ ಕೂತ ಹಾಗೆ. ತಳಕ್ಕೆ ಒಂದು ಇಂಚು ಹಾಕಿ, ಮೇಲೆ ಪುಟಿಯೋ ಗುಣದ ಒಳ್ಳೇ ಫೋಮ್ ಹಾಕಿದರೆ ಸರಿ. ನಾವು ಕೊನೆಗೆ ಮಾಡಿಸಿದ್ದು ಹಾಗೆ.

ಇನ್ನು ಹೊದಿಕೆ. ವಿಂಟೇಜ್ ಅಂದ ತಕ್ಷಣ ಕಂದು ಚರ್ಮ ಅನ್ನೋ ಹುಚ್ಚು ಎಲ್ಲಿಂದ ಬಂತೋ. ಎರಡನೇ ಮಹಾಯುದ್ಧಕ್ಕೂ ಮುಂಚಿನ ಬ್ರಿಟಿಷ್ ಗಾಡಿಗಳಿಗೆ ಸೈಕಲ್ಲಿನ ಹಾಗೆ ಸ್ಪ್ರಿಂಗ್ ಮೇಲೆ ಕೂತ ಚರ್ಮದ ಸೀಟು ಇತ್ತು ನಿಜ. ಆದರೆ ಇಬ್ಬರು ಕೂರೋ ಉದ್ದ ಸೀಟು ಬಂದ ಮೇಲೆ ನಮ್ಮ ಅಪ್ಪಂದಿರು ಓಡಿಸಿದ ಜಾವಾ, ಯೆಜ್ಡಿ, ರಾಜ್‌ದೂತ್‌ಗಳ ಮೇಲೆ ಇದ್ದದ್ದು ಅಪ್ಪಟ ರೆಗ್ಜಿನ್. ರೆಗ್ಜಿನ್ ಅನ್ನೋದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಹತ್ತಿರದ ಒಂದು ಕಂಪನಿಯ ಹೆಸರು. ಬಟ್ಟೆಗೆ ನೈಟ್ರೋಸೆಲ್ಯುಲೋಸ್ ಲೇಪ ಹಚ್ಚಿ ಚರ್ಮದ ಹಾಗೆ ಕಾಣಿಸ್ತಿದ್ದರು. ಆಮೇಲೆ ಆ ಲೇಪದ ಜಾಗಕ್ಕೆ ಪಿವಿಸಿ ಬಂತು, ಹೆಸರು ಡನ್‌ಲಪ್ ಕಥೆಯ ಹಾಗೇ ಉಳೀತು. ಹಂಗಾಗಿ ಯೆಜ್ಡಿಗೆ ಚರ್ಮ ಹಾಕಿಸೋದು ಹಳೇದಕ್ಕೆ ವಾಪಸ್ ಹೋಗೋದಲ್ಲ, ಇಲ್ಲದೇ ಇದ್ದ ಹಳೇದನ್ನ ಹುಟ್ಟಿಸೋದು.

ಚರ್ಮ ಕೆಟ್ಟದ್ದು ಅಂತ ಅಲ್ಲ. ಅದಕ್ಕೆ ಎಣ್ಣೆ ಬೇಕು, ನೆರಳು ಬೇಕು. ಮಲೆನಾಡಿನ ಮಳೆಯಲ್ಲಿ ಬೂಷ್ಟು ಹಿಡಿಯುತ್ತೆ, ನಮ್ಮ ಕಡೆ ಬಿಸಿಲಲ್ಲಿ ಬಿರುಕು ಬಿಡುತ್ತೆ. ರೆಗ್ಜಿನ್ ಕೂಡ ಬಿರುಕು ಬಿಡುತ್ತೆ, ಕಾರಣ ಬೇರೆ. ಪಿವಿಸಿ ಹುಟ್ಟಾ ಗಡಸು. ಅದನ್ನ ಮೆತ್ತಗೆ ಮಾಡೋಕೆ ಎಣ್ಣೆಯಂಥ ಪ್ಲಾಸ್ಟಿಸೈಸರ್ ಬೆರೆಸಿರ್ತಾರೆ. ಬಿಸಿಲಿಗೆ ಅದು ನಿಧಾನಕ್ಕೆ ಹೊರಗೆ ಹೋಗುತ್ತೆ, ಉಳಿಯೋದು ಹಪ್ಪಳ. ನಮ್ಮ ಮೂರನೇ ಪದರದ ಕಪ್ಪು ರೆಗ್ಜಿನ್ನಿಗೆ ಆಗಿದ್ದು ಅದೇ.

ಬಿಸಿಲಿನ ವಿಷಯ ಬಂದಾಗ ನಮ್ಮೂರಿನ ಪ್ರತಿಭೆ ಹೇಳಲೇಬೇಕು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಜಿಲ್ಲೆಯಲ್ಲಿ ನೆರಳಲ್ಲೇ 40 ಡಿಗ್ರಿ ದಾಟುತ್ತೆ. ಬಿಸಿಲಲ್ಲಿ ನಿಂತ ಕಪ್ಪು ಸೀಟು 60 ದಾಟೋದು ಕಷ್ಟ ಅಲ್ಲ. ಲುಂಗಿ ಉಟ್ಟು ಅದರ ಮೇಲೆ ಕೂತವರಿಗೆ ಅದರ ಅರ್ಥ ಗೊತ್ತು :) ಅದಕ್ಕೇ ಬೇವಿನ ಮರದ ಕೆಳಗೇ ನಿಲ್ಲಿಸೋದು, ಗೋಣಿಚೀಲ ಹೊದಿಸೋದು, ಹೆಗಲ ಮೇಲಿನ ಟವೆಲ್ ಒದ್ದೆ ಮಾಡಿ ಒರೆಸಿ ಅದನ್ನೇ ಹಾಸಿ ಕೂರೋದು. ಆಗೆಲ್ಲ ಟರ್ಕಿ ಟವೆಲ್ಲಿನ ಕವರ್ ಹೊಲಿಸ್ತಿದ್ದರು. ಬೇಕಾದಾಗ ತೆಗೆದು ಒಗೀಬಹುದು, ಬೆವರು ಹೀರುತ್ತೆ, ಕೆಳಗಿನ ರೆಗ್ಜಿನ್ನಿಗೆ ಬಿಸಿಲು ತಾಗಲ್ಲ. ಬೆಂಗಳೂರಲ್ಲಿ ಅದನ್ನ ನೋಡಿದರೆ ಆಟೋ ಥರ ಕಾಣುತ್ತೆ ಅಂತಾರೆ. ಕಾಣಲಿ ಬಿಡಿ. ಹತ್ತಿ ಬೆಳೆಯೋ ಊರಿನವನು ಹತ್ತಿ ಮೇಲೆ ಕೂತರೆ ಏನು ನಾಚಿಕೆ?

ಕೆಲವು ಗೆಳೆಯರು ವಾದ ಮಾಡ್ತಾರೆ: "ಹಳೇದನ್ನ ಹಂಗೇ ಇಡಬೇಕು, ಫೋಮ್ ಬದಲಿಸಿದರೆ ಅದರ ಬೆಲೆ ಹೋಗುತ್ತೆ." ಈ ವಾದದಲ್ಲಿ ಅರ್ಧ ಸತ್ಯ ಇದೆ. ಕಾರ್ಖಾನೆಯ ಹೊದಿಕೆ ಹರಿಯದೆ ಉಳಿದಿರೋ ಗಾಡಿ ನಿಮ್ಮ ಹತ್ರ ಇದ್ದರೆ ದಯವಿಟ್ಟು ಮುಟ್ಟಬೇಡಿ. ಆ ಸೀಟನ್ನ ತೆಗೆದು ನೆರಳಲ್ಲಿ ಇಟ್ಟು, ಓಡಾಡೋಕೆ ಅದೇ ಅಳತೆಯ ಇನ್ನೊಂದು ಮಾಡಿಸಿಕೊಳ್ಳಿ. ಆದರೆ ನಮ್ಮಲ್ಲಿ ಹೆಚ್ಚಿನವರ ಹತ್ರ ಇರೋದು ನಾಲ್ಕು ಸಲ ಹೊಲಿಸಿದ ಸೀಟುಗಳು. ಅದರಲ್ಲಿ ಕಾಪಾಡೋಕೆ ಉಳಿದಿರೋದು ಆಕಾರ ಮಾತ್ರ. ಅದನ್ನೇ ನಾವು ಮೊದಲು ಎಸೀತೀವಿ.

ಸರ್ಕಾರದ ನಿಯಮವೂ ಇಲ್ಲಿ ಸಹಾಯಕ್ಕೆ ಬರಲ್ಲ. 2021ರಲ್ಲಿ ಕೇಂದ್ರ ಸರ್ಕಾರ 50 ವರ್ಷ ದಾಟಿದ ವಿಂಟೇಜ್ ಗಾಡಿಗಳ ನೋಂದಣಿಗೆ ಬೇರೆ ನಿಯಮ ತಂತು. ಅದರಲ್ಲಿ ಬದಲಿಸಬಾರದು ಅಂತ ಹೆಸರಿಸಿರೋದು ಚಾಸಿ, ಬಾಡಿ, ಇಂಜಿನ್. ಸೀಟಿನ ಮಾತೇ ಇಲ್ಲ. 80ರ ದಶಕದ ನಮ್ಮ ರೋಡ್‌ಕಿಂಗ್ ಆ ಲೆಕ್ಕದಲ್ಲಿ ವಿಂಟೇಜೇ ಅಲ್ಲ. ಆದರೆ ಇನ್ನೊಂದು ನಿಯಮ ಇದೆ, 1989ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು. ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡೋ ಜಾಗ, ಹಿಂದಿನ ಚಕ್ರಕ್ಕೆ ಅರ್ಧದಷ್ಟು ಮರೆ ಇರಬೇಕು ಅನ್ನುತ್ತೆ. ನಾವು ಸೀರೆ ಗಾರ್ಡ್ ಅನ್ನೋದು ಅದಕ್ಕೇ. ಒಂದು ಕಡೆ ಕಾಲು ಹಾಕಿ ಕೂರೋ ಹೆಂಗಸು ನಮ್ಮ ಗಾಡಿಗಳ ವಿನ್ಯಾಸದ ಒಳಗೇ ಇದ್ದಾಳೆ. ಒಬ್ಬರೇ ಓಡಿಸೋ ರೇಸು ಗಾಡಿಯ ಸೀಟನ್ನ ತಂದು ಇದಕ್ಕೆ ಕೂರಿಸಿದರೆ ಮೊದಲು ಇಳಿಯೋಳು ಅವಳೇ. ಗಾಡಿ ತೋರಿಸೋಕೆ ಹೋದ ಮೇಳಗಳಲ್ಲಿ ನಾನು ಎಷ್ಟೋ ಹಳೇ ಗಾಡಿ ನೋಡಿದೀನಿ. ಥಳಥಳ ಹೊಳೀತಿರ್ತಾವೆ, ಹಿಂದೆ ಕೂರೋಕೆ ಜಾಗ ಇರಲ್ಲ. ಆಗ ನನಗೆ ಅದು ಸ್ಟೈಲ್ ಅನ್ನಿಸಿತ್ತು.

ನಾವು ಮಾಡಿದ್ದನ್ನ ಚಿಕ್ಕದಾಗಿ ಹೇಳ್ತೀನಿ, ಯಾರಿಗಾದರೂ ಉಪಯೋಗವಾಗಬಹುದು. ಹಳೇ ಹೊದಿಕೆಯನ್ನ ಹರಿಯದೆ ಹೊಲಿಗೆ ಬಿಚ್ಚಿ, ಕಾಗದದ ಮೇಲೆ ಇಟ್ಟು ಗೆರೆ ಎಳೆದು ನಕಲು ತೆಗೆದ್ವಿ. ಹರಿದ ಹೊದಿಕೆಯೂ ಒಂದು ನಕ್ಷೆ, ಎಸೀಬೇಡಿ. ತಗಡಿನ ತುಕ್ಕು ತಿಕ್ಕಿ ಬಣ್ಣ ಹೊಡೆಸಿ, ನೀರು ಇಳಿಯೋ ತೂತುಗಳನ್ನ ತೆರೆದ್ವಿ. ತೂತು ಮುಚ್ಚಿದರೆ ಹೊಲಿಗೆಯಿಂದ ಇಳಿದ ಮಳೆನೀರು ಫೋಮಿನಲ್ಲೇ ನಿಂತು, ಮಳೆ ಬಿಟ್ಟು ಎರಡು ದಿನವಾದರೂ ಪ್ಯಾಂಟ್ ಒದ್ದೆಯಾಗುತ್ತೆ. ತಳಕ್ಕೆ ಒಂದು ಇಂಚು ರೀಬಾಂಡೆಡ್, ಮೇಲೆ ತೂಗಿ ತಂದ 50 ಡೆನ್ಸಿಟಿ ಫೋಮು. ಅಪ್ಪನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ, ಎರಡೂ ಹಿಮ್ಮಡಿ ನೆಲಕ್ಕೆ ತಾಗೋವರೆಗೆ ಬದಿಗಳನ್ನ ಕೆತ್ತಿಸಿದ್ವಿ. ಫೋಮಿನ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಸಾದಾ ಕಪ್ಪು ರೆಗ್ಜಿನ್. ವಜ್ರದ ಹೊಲಿಗೆ ಬೇಡ ಅಂದೆ. ಹೊಲಿಗೆ ಹೆಚ್ಚಾದಷ್ಟೂ ನೀರಿಗೆ ದಾರಿ ಹೆಚ್ಚು.

ಅಂಗಡಿಯವರು ಮಜೂರಿ ಹೇಳಿದಾಗ ನನಗೆ ನಾಚಿಕೆಯಾಯ್ತು. ಕ್ರೋಮ್‌ಗೆ ಕೊಟ್ಟಿದ್ದರ ಕಾಲು ಭಾಗವೂ ಇಲ್ಲ. ಇಡೀ ಗಾಡಿಯಲ್ಲಿ ಮನುಷ್ಯನ ಮೈಗೆ ಇಷ್ಟು ಹೊತ್ತು ತಾಗಿರೋ ಭಾಗ ಇದೊಂದೇ. ಅದನ್ನ ಮಾಡೋರಿಗೆ ಮೆಕ್ಯಾನಿಕ್ಕಿಗೆ ಸಿಗೋ ಮರ್ಯಾದೆ ಇಲ್ಲ, ಅವರ ಹತ್ರ ಹೋಗಿ ಯಾರೂ ಪ್ರಶ್ನೆ ಕೇಳಲ್ಲ. ಕೇಳಿ ನೋಡಿ, ಹೇಳೋಕೆ ಅವರ ಹತ್ರ ಬೇಕಾದಷ್ಟಿದೆ.

ಹೊಸ ಸೀಟು ಹಾಕಿದ ಮಾರನೇ ದಿನ ಅಪ್ಪ, ಅವ್ವ ರಾಯಚೂರಿಗೆ ಹೋಗಿ ಬಂದರು. ಅಪ್ಪ ಸೀಟಿನ ಬಗ್ಗೆ ಏನೂ ಹೇಳಲಿಲ್ಲ, ಕಾರ್ಬುರೇಟರ್ ಸರಿ ಇಲ್ಲ ಅಂತ ಬೈದರು. ಸೀಟು ನೆನಪಿಗೇ ಬಂದಿಲ್ಲ ಅಂದರೆ ಅದು ಸರಿಯಾಗಿದೆ ಅಂತ ಅರ್ಥ. ಅವ್ವ ಇಳಿದು ಸೆರಗು ಸರಿ ಮಾಡಿಕೊಂಡು, "ಟವೆಲ್ ಕವರ್ ಒಂದು ಹೊಲಸು, ಬ್ಯಾಸಿಗ್ಯಾಗ ಸುಡತೈತಿ" ಅಂದಳು. ಹೊಲಿಸ್ತಿದೀನಿ.

ನಿಮ್ಮ ಮನೆಯಲ್ಲೂ ಹಳೇ ಗಾಡಿ ಇದ್ದರೆ, ಅದರ ಸೀಟಿನ ಕೆಳಗೆ ಎಷ್ಟು ಪದರ ಸಿಕ್ಕಿತು ಅಂತ ಬರೀರಿ. ಬಿಚ್ಚೋಕೆ ಮುಂಚೆ ಅಳತೆ ತಗೊಳ್ಳಿ, ಮರೀಬೇಡಿ.